ನಾಲ್ಕು ಸೀಟಿನ ಸ್ವಂತ ವಿಮಾನ: ಯಾವ ನಿಯಮ ಸಡಿಲಿಸಬೇಕು, ಯಾವುದನ್ನು ಮುಟ್ಟಬಾರದು?

ಸಾಗರದ_ಸೆಸ್ನಾ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಸಾಗರದವನು. 19 ವರ್ಷದಿಂದ ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಲ್ಲಿದ್ದೇನೆ. ನಾವು ನಾಲ್ಕು ಜನ ಪಾಲು ಹಾಕಿ ಒಂದು ಸೆಸ್ನಾ 172 ಇಟ್ಟುಕೊಂಡಿದ್ದೇವೆ. 1974ರ ವಿಮಾನ, ನನಗಿಂತ ಐದು ವರ್ಷ ದೊಡ್ಡದು. ರೀಡ್-ಹಿಲ್‌ವ್ಯೂ ನಿಲ್ದಾಣದಲ್ಲಿ ನಿಲ್ಲಿಸುತ್ತೇವೆ. ನಾಲ್ಕೂ ಜನ ಸಂಬಳದವರೇ. ಒಂದು ಒಳ್ಳೆಯ ಕಾರಿನ ದುಡ್ಡಿನಲ್ಲಿ ನನ್ನ ಪಾಲು ಬಂತು.

ಈಗ ನಮ್ಮ ನಾಲ್ವರ ನಡುವೆ ಒಂದು ಜಗಳ ಎದ್ದಿದೆ. ಅದನ್ನು ನನ್ನ ಭಾಷೆಯಲ್ಲಿ ಒಮ್ಮೆ ಬಿಡಿಸಿ ನೋಡಬೇಕು ಅನ್ನಿಸಿತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹಿನ್ನೆಲೆ. ಅಮೆರಿಕದಲ್ಲಿ 2004ರಿಂದ ಸ್ಪೋರ್ಟ್ ಪೈಲಟ್ ಅನ್ನುವ ಚಿಕ್ಕ ಲೈಸೆನ್ಸ್ ಇದೆ. ಕನಿಷ್ಠ 20 ಗಂಟೆ ಹಾರಾಟ ಕಲಿತರೆ ಸಾಕು. ವೈದ್ಯರ ಸರ್ಟಿಫಿಕೇಟ್ ಬೇಡ, ಕಾರಿನ ಡ್ರೈವಿಂಗ್ ಲೈಸೆನ್ಸ್ ನಡೆಯುತ್ತದೆ. ಆದರೆ ಇಷ್ಟು ದಿನ ಅದರಲ್ಲಿ ಹಾರಿಸಬಹುದಾಗಿದ್ದು ಎರಡು ಸೀಟಿನ, 600 ಕಿಲೋ ಒಳಗಿನ ಪುಟ್ಟ ವಿಮಾನಗಳನ್ನು ಮಾತ್ರ. 2025ರ ಜುಲೈಯಲ್ಲಿ ಎಫ್‌ಎಎ, ಅಂದರೆ ಇಲ್ಲಿನ ವಿಮಾನಯಾನ ಇಲಾಖೆ, ಮೊಸಾಯಿಕ್ ಅನ್ನುವ ಹೊಸ ನಿಯಮ ತಂದಿತು. ತೂಕದ ಮಿತಿ ತೆಗೆದುಹಾಕಿತು. ರೆಕ್ಕೆ ಗಾಳಿಯ ಹಿಡಿತ ಬಿಡುವ ವೇಗ, ಅಂದರೆ ಸ್ಟಾಲ್ ಸ್ಪೀಡ್, 59 ನಾಟ್ ಒಳಗಿದ್ದರೆ ಆಯಿತು. ನಾಲ್ಕು ಸೀಟು ಇರಬಹುದು, ಆದರೆ ಕೂರಿಸಿಕೊಳ್ಳುವುದು ಒಬ್ಬರನ್ನೇ. ಅಕ್ಟೋಬರ್ 22ರಿಂದ ಇದು ಜಾರಿಯಲ್ಲಿದೆ. ನಮ್ಮ 172 ಕೂಡ ಈಗ ಆ ಲೆಕ್ಕಕ್ಕೆ ಬರುತ್ತದೆ.

ನಮ್ಮ ಪಾಲುದಾರರಲ್ಲಿ ಹಿರಿಯರೊಬ್ಬರಿದ್ದಾರೆ, 68 ವರ್ಷ. ಇನ್ನು ಮೆಡಿಕಲ್‌ಗೆ ಹೋಗಲ್ಲ, ಡ್ರೈವಿಂಗ್ ಲೈಸೆನ್ಸ್ ಮೇಲೇ ಹಾರಿಸುತ್ತೇನೆ ಅಂತ ಹೇಳಿಬಿಟ್ಟಿದ್ದಾರೆ. ಇನ್ನೊಂದು ಕಡೆ ನನ್ನ ಮಗಳು. ಈ ಏಪ್ರಿಲ್‌ಗೆ 17 ತುಂಬುತ್ತದೆ. ಪೂರ್ತಿ ಪ್ರೈವೇಟ್ ಲೈಸೆನ್ಸ್‌ಗೆ ಕನಿಷ್ಠ 40 ಗಂಟೆ ಬೇಕು, ನಿಜವಾಗಿ ಅದು 60, 70 ಆಗುತ್ತದೆ. ಸ್ಪೋರ್ಟ್ ಆದರೆ ಅರ್ಧ ಖರ್ಚು. "ಅಪ್ಪಾ, ಅದೇ ವಿಮಾನ, ಅದೇ ಆಕಾಶ, ಅರ್ಧ ದುಡ್ಡು" ಅನ್ನುತ್ತಾಳೆ. ನನ್ನ ಹತ್ತಿರ ಉತ್ತರ ಇಲ್ಲ.

ನಾನು ಯಾವ ಕಡೆ ಇದ್ದೇನೆ ಅಂತ ಹೇಳಲು ಒಂದು ಘಟನೆ ಹೇಳಬೇಕು.

2015ರ ಮಾರ್ಚ್. ನಾನು ಮತ್ತು ಅದೇ ಹಿರಿಯರು ಸಾಂಟಾ ರೋಸಾದಿಂದ ವಾಪಸು ಬರುತ್ತಿದ್ದೆವು. 5,000 ಅಡಿಯಲ್ಲಿ ಮೋಡದೊಳಗೆ. ಕಿಟಕಿಯಾಚೆ ಎಲ್ಲ ಕಡೆ ಬರೀ ಹಾಲಿನ ಬಿಳಿ. ಇಂಥ ಹೊತ್ತಿನಲ್ಲಿ ಮೈ ಹೇಳುವುದನ್ನು ನಂಬಬಾರದು, ಡಯಲ್ ನೋಡಿಯೇ ಹಾರಿಸಬೇಕು. ಎದುರಿಗೆ ಕೃತಕ ದಿಗಂತದ ಡಯಲ್ ಇರುತ್ತದೆ, ಮೇಲೆ ನೀಲಿ, ಕೆಳಗೆ ಕಂದು. ಅದು ಸ್ವಲ್ಪ ಎಡಕ್ಕೆ ವಾಲಿದಂತೆ ಕಂಡಿತು. ನಾನು ಬಲಕ್ಕೆ ತಿರುಗಿಸಿ ಸರಿಮಾಡಿದೆ. ಮತ್ತೆ ವಾಲಿತು. ಮತ್ತೆ ಸರಿಮಾಡಿದೆ. ಪಕ್ಕದಲ್ಲಿದ್ದ ಹಿರಿಯರು ಸುಮ್ಮನೆ ಬೆರಳು ತೋರಿಸಿದರು. ವಿಮಾನ ಯಾವ ಕಡೆ ತಿರುಗುತ್ತಿದೆ ಅಂತ ತೋರಿಸುವ, ಕರೆಂಟಿನಲ್ಲಿ ನಡೆಯುವ ಟರ್ನ್ ಕೋಆರ್ಡಿನೇಟರ್ ಬೇರೆ ಮಾತು ಹೇಳುತ್ತಿತ್ತು. ವಿಮಾನ ಬಲಕ್ಕೆ ತಿರುಗುತ್ತಲೇ ಇತ್ತು. ತಿರುಗಿಸುತ್ತಿದ್ದವನು ನಾನೇ.

ಪ್ಯಾನೆಲ್‌ನ ಬಲ ತುದಿಯಲ್ಲಿ ಒಂದು ಪುಟ್ಟ ಗೇಜ್ ಇದೆ, ನಿಂಬೆಹಣ್ಣಿನ ಹೋಳಿನಷ್ಟು. ವ್ಯಾಕ್ಯೂಮ್ ಎಷ್ಟಿದೆ ಅಂತ ತೋರಿಸುತ್ತದೆ. ಅದು ಸೊನ್ನೆಗೆ ಬಿದ್ದಿತ್ತು. ಅಂದರೆ ಎಂಜಿನ್ನಿಗೆ ಜೋಡಿಸಿದ ವ್ಯಾಕ್ಯೂಮ್ ಪಂಪ್ ಸತ್ತಿದೆ. ಗಾಳಿ ಎಳೆಯುವುದು ನಿಂತ ಮೇಲೆ ಡಯಲ್ ಒಳಗಿನ ಗೈರೋ ಬುಗುರಿಯ ಹಾಗೆ ನಿಧಾನವಾಗಿ ಸೋತು ಮಲಗುತ್ತಿದೆ. ಅದು ಒಮ್ಮೆಲೇ ನಿಂತಿದ್ದರೆ ತಕ್ಷಣ ಗೊತ್ತಾಗುತ್ತಿತ್ತು. ಮೆಲ್ಲಗೆ ಸುಳ್ಳು ಹೇಳುತ್ತಾ ಹೋಗುವುದೇ ಅಪಾಯ. ಹಿರಿಯರು ಜೇಬಿನಿಂದ ಪಾರ್ಕಿಂಗ್ ರಸೀದಿ ತೆಗೆದು ಆ ಡಯಲ್ ಮೇಲೆ ಅಂಟಿಸಿದರು. ಏರ್ ಟ್ರಾಫಿಕ್ ಕಂಟ್ರೋಲರ್‌ಗೆ ಹೇಳಿದೆವು. ಆಕೆ ಶಾಂತವಾಗಿ ದಿಕ್ಕು ಹೇಳುತ್ತಾ ಇಳಿಸಿದರು. 2,000 ಅಡಿಗೆ ಬಂದಾಗ ಕೆಳಗೆ ರಸ್ತೆ ದೀಪ ಕಂಡವು. ನನ್ನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಪಂಪ್ ಬಿಚ್ಚಿದಾಗ ಒಳಗಿನ ಕಾರ್ಬನ್ ಎಲೆಗಳು ಪುಡಿಯಾಗಿದ್ದವು. ಮೆಕ್ಯಾನಿಕ್ ಅಂಗೈಗೆ ಸುರಿದು ತೋರಿಸಿದ. ಇದ್ದಿಲ ಪುಡಿಯಂತೆ ಇತ್ತು.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಪಕ್ಕದ ಹ್ಯಾಂಗರ್‌ನಲ್ಲಿ ಒಬ್ಬರ ಆರ್‌ವಿ-6 ಇತ್ತು. ಮನೆಯ ಗ್ಯಾರೇಜಿನಲ್ಲಿ ಅವರೇ ಕಟ್ಟಿದ ವಿಮಾನ. ಕಾಗದದಲ್ಲಿ ಅದು ಎಕ್ಸ್‌ಪೆರಿಮೆಂಟಲ್. ಅದರಲ್ಲಿ ಬ್ಯಾಟರಿ ಬ್ಯಾಕಪ್ ಇರುವ ಎಲೆಕ್ಟ್ರಾನಿಕ್ ದಿಗಂತ ಇತ್ತು. ಬೆಲೆ ಎರಡು ಸಾವಿರ ಡಾಲರ್ ಚಿಲ್ಲರೆ. ಅದನ್ನೇ ನಮ್ಮ ವಿಮಾನಕ್ಕೆ ಹಾಕೋಣ ಅಂದರೆ ಕಾನೂನು ಬಿಡುವುದಿಲ್ಲ. ನಮ್ಮದು ಸರ್ಟಿಫಿಕೇಟ್ ಇರುವ ವಿಮಾನ. ಅದಕ್ಕೆ ಒಪ್ಪಿಗೆ ಇರುವ ಎಲೆಕ್ಟ್ರಾನಿಕ್ ಡಯಲ್ ಹಾಕಿಸಲು ಕೂಲಿ ಸೇರಿ 10,000 ಡಾಲರ್ ದಾಟುತ್ತದೆ ಅಂದರು. ನಮ್ಮ ಹತ್ತಿರ ಅಷ್ಟು ಇರಲಿಲ್ಲ. ಹಾಗಾಗಿ ಮತ್ತೆ ಅದೇ ಜಾತಿಯ ಪಂಪ್ ಹಾಕಿಸಿದೆವು. ಕಾಗದಪತ್ರ ಎಲ್ಲ ಸರಿ ಇತ್ತು. ಒಳಗೆ ಮತ್ತೊಂದು ಇದ್ದಿಲ ಪುಡಿ ತಯಾರಾಗುತ್ತಿತ್ತು.

ಆ ವರ್ಷ ನಮ್ಮಪ್ಪ ಬಂದಿದ್ದರು. ಸ್ಕೂಲ್ ಮೇಷ್ಟ್ರಾಗಿದ್ದವರು. ಕಣ್ಣಿಗೆ ಬಿದ್ದದ್ದನ್ನೆಲ್ಲ ಓದುತ್ತಾರೆ. ಆರ್‌ವಿ ಒಳಗಿದ್ದ ಫಲಕ ಓದಿದರು. 'ಇದು ಹವ್ಯಾಸಿಗಳು ಕಟ್ಟಿದ ವಿಮಾನ, ಸರ್ಕಾರದ ಸುರಕ್ಷತಾ ನಿಯಮಗಳಿಗೆ ಒಳಪಟ್ಟಿಲ್ಲ' ಅನ್ನುವ ಅರ್ಥದ ಎಚ್ಚರಿಕೆ ಅದು, ಹಾಕಲೇಬೇಕು. ಆಮೇಲೆ ನಮ್ಮ ವಿಮಾನದ ಡಯಲ್‌ಗಳನ್ನು ನೋಡಿ ಕೇಳಿದರು: "ಅದರ ಸಾಮಾನು ಹೊಸದು, ನಿಂದು ಹಳೇದು. ಮತ್ತೆ ಎಚ್ಚರಿಕೆ ಬೋರ್ಡು ಅದಕ್ಕೆ ಯಾಕೆ?"

2016ರಲ್ಲಿ ಬಾಗಿಲು ತೆರೆಯಿತು. ಎಫ್‌ಎಎ ಕಡಿಮೆ ಬೆಲೆಯ ಎಲೆಕ್ಟ್ರಾನಿಕ್ ಡಯಲ್‌ಗಳಿಗೆ ಸರ್ಟಿಫಿಕೇಟ್ ವಿಮಾನಗಳಲ್ಲೂ ಒಪ್ಪಿಗೆ ಕೊಡತೊಡಗಿತು. ಗಾರ್ಮಿನ್ ಜಿ5 ಬಂತು. ಮುಂದಿನ ವರ್ಷ ನಾವು ಹಾಕಿಸಿದೆವು. ನಿಯಮ ಸಡಿಲವಾಯಿತು, ಅದರಿಂದ ನಾನು ಜಾಸ್ತಿ ಸುರಕ್ಷಿತನಾದೆ. ಸಡಿಲ ಅಂದರೆ ಅಪಾಯ ಅನ್ನುವವರಿಗೆ ನಾನು ಹೇಳುವುದು ಇದನ್ನೇ.

ಆದರೆ ಡಯಲ್ ವಿಷಯದಲ್ಲಿ ಇಷ್ಟು ಖಚಿತವಾಗಿ ಹೇಳುವ ನಾನು ಮಗಳ 20 ಗಂಟೆಯ ವಿಷಯದಲ್ಲಿ ತಡವರಿಸುತ್ತೇನೆ. ಸಾಮಾನಿಗೆ ಒಂದು ನ್ಯಾಯ, ಮನುಷ್ಯನಿಗೆ ಒಂದು ನ್ಯಾಯವಾ? ಈ ಕೆಲಸ ಗೊತ್ತಿರುವವರು ಹೇಳಿ. ಯಾವುದನ್ನು ಸಡಿಲಿಸಬೇಕು, ಯಾವುದನ್ನು ಮುಟ್ಟಬಾರದು?

---

ಹುಬ್ಬಳ್ಳಿ_ಸ್ಪ್ಯಾನರ್ ಉತ್ತರಿಸಿದ್ದು:

ತಮ್ಮಾ ಅಂತಲೇ ಕರೆಯುತ್ತೇನೆ, ನನಗೆ 61. ಟೆಕ್ಸಸ್‌ನಲ್ಲಿ ವಿಮಾನದ ಮೆಕ್ಯಾನಿಕ್. ವರ್ಷಕ್ಕೊಮ್ಮೆಯ ಆನ್ಯುಯಲ್ ತಪಾಸಣೆಗೆ ಸಹಿ ಹಾಕುವ ಅಧಿಕಾರವೂ ಇದೆ. ನಿಮ್ಮಂಥ 172 ಎಷ್ಟು ಬಿಚ್ಚಿದ್ದೇನೋ ಲೆಕ್ಕ ಇಟ್ಟಿಲ್ಲ.

ಡಯಲ್ ವಿಷಯದಲ್ಲಿ ನಿಮ್ಮ ಮಾತು ಪೂರ್ತಿ ಒಪ್ಪುತ್ತೇನೆ. ಆದರೆ ಬೆಲೆಗೆಲ್ಲ ನಿಯಮವೇ ಕಾರಣ ಅನ್ನಬೇಡಿ. ಅಮೆರಿಕದಲ್ಲಿ 1978ರಲ್ಲಿ ಇಂಥ ಖಾಸಗಿ ವಿಮಾನಗಳು 17,000ಕ್ಕಿಂತ ಜಾಸ್ತಿ ತಯಾರಾದವು. 1994ರಲ್ಲಿ ಸಾವಿರವೂ ಇಲ್ಲ. ಸೆಸ್ನಾ 1986ರಲ್ಲಿ 172 ಮಾಡುವುದನ್ನೇ ನಿಲ್ಲಿಸಿತು. ಮೂವತ್ತು ವರ್ಷ ಹಳೆಯ ವಿಮಾನ ಬಿದ್ದರೂ ಕಂಪನಿಯ ಮೇಲೆ ಕೇಸು ಹಾಕಬಹುದಾಗಿತ್ತು. ಆ ಇನ್ಶೂರೆನ್ಸ್ ಹೊರೆ ಪ್ರತಿ ಹೊಸ ವಿಮಾನದ ಬೆಲೆ ಮೇಲೆ ಕೂತಿತ್ತು. 1994ರಲ್ಲಿ ಅಮೆರಿಕದ ಸಂಸತ್ತು, 18 ವರ್ಷ ದಾಟಿದ ವಿಮಾನಕ್ಕೆ ಹಾಗೆ ಕೇಸು ಹಾಕುವಂತಿಲ್ಲ ಅಂತ ಗಡಿ ಹಾಕಿತು. ಅದಾದ ಮೇಲೇ ಸೆಸ್ನಾ ಮತ್ತೆ ಶುರು ಮಾಡಿದ್ದು. ಆದರೂ ಇವತ್ತು ಹೊಸ 172ಕ್ಕೆ ನಾಲ್ಕು ಲಕ್ಷ ಡಾಲರ್ ಮೇಲೆ. ವರ್ಷಕ್ಕೆ ಕೆಲವು ನೂರು ಮಾಡಿದರೆ ಬೆಲೆ ಹೇಗೆ ಇಳಿಯುತ್ತದೆ? ಕಾರಿನ ಕಾರ್ಖಾನೆಯಲ್ಲಿ ಅಷ್ಟು ಒಂದೇ ದಿನಕ್ಕೆ ಆಗುತ್ತದೆ.

ಇನ್ನು ನೀವು ಕೇಳಿದ್ದಕ್ಕೆ ಬರುತ್ತೇನೆ. ಮುಟ್ಟಬಾರದ್ದು ಯಾವುದು ಅಂತ ನನಗೆ ಕೈಯಲ್ಲೇ ಗೊತ್ತಿದೆ.

ನಿಮ್ಮ ಸೀಟು ಹಿಂದೆ ಮುಂದೆ ಜಾರುವ ಹಳಿ ನೋಡಿದ್ದೀರಲ್ಲ? ಅದರಲ್ಲಿ ಸಾಲಾಗಿ ತೂತುಗಳಿವೆ. ಸೀಟಿನ ಪಿನ್ ಆ ತೂತಿನೊಳಗೆ ಕೂರುತ್ತದೆ. ಸಾವಿರಾರು ಸಲ ಕೂತು ಎದ್ದು ತೂತು ಸವೆದು ಮೊಟ್ಟೆಯಾಕಾರ ಆಗುತ್ತದೆ. ಪಿನ್ನಿನ ತುದಿ ದುಂಡಗಾಗುತ್ತದೆ. ಟೇಕಾಫ್ ಹೊತ್ತಿಗೆ ಮೂಗು ಮೇಲೆದ್ದಾಗ ಪಿನ್ ಜಾರಿದರೆ ಸೀಟು ಹಿಂದಕ್ಕೆ ಓಡುತ್ತದೆ. ಪೈಲಟ್ ಹಿಡಿದುಕೊಳ್ಳಲು ಕೈಗೆ ಸಿಗುವುದು ಯೋಕ್, ಅಂದರೆ ವಿಮಾನದ ಸ್ಟೀರಿಂಗ್, ಒಂದೇ. ಅದನ್ನು ಎಳೆದರೆ ಮೂಗು ಇನ್ನೂ ಮೇಲೆ. ಹೀಗೆ ಜನ ಸತ್ತಿದ್ದಾರೆ. 1987ರಲ್ಲಿ ಎಫ್‌ಎಎ ಆದೇಶ ಹೊರಡಿಸಿ, ಹಳಿ ಮತ್ತು ಪಿನ್ ತಪ್ಪದೆ ಪರೀಕ್ಷಿಸಬೇಕು ಅಂದಿತು. ನಾನು ಇವತ್ತಿಗೂ ಬಗ್ಗಿ ಟಾರ್ಚ್ ಹಿಡಿದು ಒಂದೊಂದು ತೂತಿಗೂ ಗೇಜ್ ಹಾಕುತ್ತೇನೆ. ಮಾಲೀಕರು ಕೈಗಡಿಯಾರ ನೋಡುತ್ತಾ ನಿಂತಿರುತ್ತಾರೆ. ನಿಲ್ಲಲಿ. ಇದೂ ನಿಯಮವೇ, ಇದಕ್ಕೂ ದುಡ್ಡು ಖರ್ಚಾಗುತ್ತದೆ. ಇದನ್ನು ಸಡಿಲಿಸಿ ಅಂದರೆ ನಾನು ರಸ್ತೆಗಿಳಿಯುತ್ತೇನೆ.

ಕೆನಡಾದಲ್ಲಿ ಮಾಲೀಕರೇ ರಿಪೇರಿ ಮಾಡಿ ಸಹಿ ಹಾಕುವ ಒಂದು ವರ್ಗ ಇದೆ. ಒಮ್ಮೆ ಅದಕ್ಕೆ ಸೇರಿಸಿದರೆ ವಾಪಸು ಬರುವುದು ತುಂಬಾ ಕಷ್ಟ. ಅಮೆರಿಕದೊಳಗೆ ಹಾರಿಸುವಂತಿಲ್ಲ. ಇಲ್ಲೂ ಅದು ಬರಲಿ ಅಂತ ಕೂಗು ಇದೆ. ಒಬ್ಬರೇ ಹಾರುವುದಾದರೆ ನನ್ನ ಅಡ್ಡಿ ಇಲ್ಲ. ಪಕ್ಕದಲ್ಲಿ ಹೆಂಡತಿ ಮಕ್ಕಳು ಕೂರುವುದಾದರೆ ಇನ್ನೊಬ್ಬರ ಕಣ್ಣು ಬೇಕೇಬೇಕು.

ಆರ್‌ವಿ ವಿಷಯ. ನಿಮ್ಮ ಪಕ್ಕದವರ ಡಯಲ್ ಚೆನ್ನಾಗಿತ್ತು, ಸರಿ. ಆದರೆ ಮನೆಯಲ್ಲಿ ಕಟ್ಟಿದ ವಿಮಾನಗಳ ಅಪಘಾತ ಪ್ರಮಾಣ ಜಾಸ್ತಿ ಅಂತ 2012ರಲ್ಲಿ ಅಪಘಾತ ತನಿಖೆ ಮಾಡುವ ಸರ್ಕಾರಿ ಮಂಡಳಿ ಎನ್‌ಟಿಎಸ್‌ಬಿ ಅಧ್ಯಯನ ಮಾಡಿ ಹೇಳಿದೆ. ಮೊದಮೊದಲ ಹಾರಾಟದಲ್ಲಿ, ಮತ್ತೆ ಕಟ್ಟಿದವರಿಂದ ಕೊಂಡ ಎರಡನೇ ಮಾಲೀಕನ ಕೈಯಲ್ಲಿ. ಅದಾದ ಮೇಲೆ ಎಫ್‌ಎಎ ಒಂದು ಒಳ್ಳೆಯ ಕೆಲಸ ಮಾಡಿತು. ಪರೀಕ್ಷಾ ಹಾರಾಟಕ್ಕೆ ಇನ್ನೊಬ್ಬ ಅನುಭವಿ ಪೈಲಟ್ ಜೊತೆಗೆ ಕೂರಬಹುದು ಅಂತ ದಾರಿ ಮಾಡಿಕೊಟ್ಟಿತು. ಮೊದಲು ಅದಕ್ಕೂ ಬಿಡುತ್ತಿರಲಿಲ್ಲ. ನಿಮ್ಮ ಅಪ್ಪಾಜಿ ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇದು: ಬೋರ್ಡು ಡಯಲ್‌ಗಲ್ಲ, ತಗಡು ಜೋಡಿಸುವ ರಿವೆಟ್‌ಗೆ. ಅದನ್ನು ಹೊಡೆದವರ ಕೆಲಸವನ್ನು ಯಾರು ಎಷ್ಟು ನೋಡಿದ್ದಾರೆ ಅನ್ನುವುದಕ್ಕೆ.

ಮಗಳ ವಿಷಯ. 20 ಗಂಟೆಯಲ್ಲಿ ಕೈ ಪಳಗಬಹುದು. ವಾಪಸು ಹೋಗೋಣ ಅನ್ನುವ ಬುದ್ಧಿ ಪಳಗಲ್ಲ. ಜನ ಸಾಯುವುದು ಬಹುತೇಕ ಮೂರು ಕಡೆ: ತಿರುವಿನಲ್ಲಿ ವೇಗ ಕಳೆದುಕೊಂಡು, ಮೋಡದೊಳಗೆ ನುಗ್ಗಿ, ಪೆಟ್ರೋಲ್ ಖಾಲಿ ಮಾಡಿಕೊಂಡು. ಮೂರಕ್ಕೂ ಸರ್ಟಿಫಿಕೇಟ್ ಡಯಲ್ ಒಂದೇ ಔಷಧಿ ಅಲ್ಲ. ಟ್ಯಾಂಕ್‌ಗೆ ಕಡ್ಡಿ ಅದ್ದಿ ನೋಡುವ ಅಭ್ಯಾಸಕ್ಕೆ ಒಂದು ಪೈಸೆ ಖರ್ಚಿಲ್ಲ.

ಕೊನೆಗೆ ಒಂದು ಕೆಲಸ ಹೇಳುತ್ತೇನೆ. ಇವತ್ತೇ ಒಂದು ಕಾರ್ಬನ್ ಮೊನಾಕ್ಸೈಡ್ ಡಿಟೆಕ್ಟರ್ ಕೊಳ್ಳಿ. ನಿಮ್ಮ ಹೀಟರ್ ಬಿಸಿ ಗಾಳಿ ಬರುವುದು ಸೈಲೆನ್ಸರ್ ಸುತ್ತ ಸುತ್ತಿದ ತಗಡಿನಿಂದ. ಸೈಲೆನ್ಸರ್ ಬಿರುಕು ಬಿಟ್ಟರೆ ಹೊಗೆ ನೇರ ನಿಮ್ಮ ಕಾಲ ಹತ್ತಿರ ಬರುತ್ತದೆ. ಅದರಲ್ಲಿರುವ ಈ ವಿಷದ ಅನಿಲಕ್ಕೆ ವಾಸನೆ ಇಲ್ಲ. ನಿದ್ದೆ ಬಂದ ಹಾಗೆ ಆಗುತ್ತದೆ. ಎನ್‌ಟಿಎಸ್‌ಬಿ 2004ರಲ್ಲಿ ಒಮ್ಮೆ, 2022ರಲ್ಲಿ ಮತ್ತೊಮ್ಮೆ ಇದನ್ನು ಕಡ್ಡಾಯ ಮಾಡಿ ಅಂತ ಹೇಳಿತು. ಇಷ್ಟು ಅಗ್ಗದ ಸುರಕ್ಷತೆ ಇನ್ನೊಂದಿಲ್ಲ. ಬಿಗಿ ಮಾಡುವುದಾದರೆ ಇಲ್ಲಿ ಬಿಗಿ ಮಾಡಲಿ.

---

ಜಕ್ಕೂರು_ಪಕ್ಕದವನು ಉತ್ತರಿಸಿದ್ದು:

ಸರ್, ನಿಮ್ಮ ಪೋಸ್ಟ್ ಎರಡು ಸಲ ಓದಿದೆ. ನಾನು ಬೆಳೆದದ್ದು ಬೆಂಗಳೂರಿನ ಜಕ್ಕೂರು ಏರೋಡ್ರೋಮ್ ಪಕ್ಕ. ಚಿಕ್ಕವನಿದ್ದಾಗ ಕಾಂಪೌಂಡ್ ಹತ್ತಿರ ಸೈಕಲ್ ಒರಗಿಸಿ ನೋಡುತ್ತಾ ನಿಲ್ಲುತ್ತಿದ್ದೆ. ದೊಡ್ಡವನಾಗಿ ಬೇರೆ ರಾಜ್ಯದ ಒಂದು ಫ್ಲೈಯಿಂಗ್ ಕ್ಲಬ್‌ನಲ್ಲಿ ಪ್ರೈವೇಟ್ ಲೈಸೆನ್ಸ್ ಮಾಡಿಕೊಂಡೆ. ಗಂಟೆಗೆ 12,000 ರೂಪಾಯಿ ಕೊಟ್ಟೆ. 40 ಗಂಟೆ ಮುಗಿಸಲು ಮೂರು ವರ್ಷ ಹಿಡಿಯಿತು. ಒಂದು ಸಲ ವಿಮಾನ ಇಲ್ಲ, ಒಂದು ಸಲ ಇನ್‌ಸ್ಟ್ರಕ್ಟರ್ ಇಲ್ಲ. ಲೈಸೆನ್ಸ್ ಬಂದ ಮೇಲೆ ನಾನು ಹಾರಿದ್ದು ಒಟ್ಟು ಒಂಬತ್ತು ಗಂಟೆ.

ನೀವು ಶನಿವಾರ ಬೆಳಿಗ್ಗೆ ಎದ್ದು ಆಕಾಶ ನೋಡಿ ಸಾಂಟಾ ರೋಸಾಗೆ ಹೋಗಿಬರೋಣ ಅಂತ ಹೊರಡುತ್ತೀರಿ. ನಾನು ಒಂದು ಊರಿಂದ ಇನ್ನೊಂದು ಊರಿಗೆ ಹಾರಬೇಕಾದರೆ ಮೊದಲು ಫ್ಲೈಟ್ ಪ್ಲಾನ್ ಹಾಕಬೇಕು. ಆಮೇಲೆ ವಾಯುಪಡೆ ಕಡೆಯಿಂದ ಎಡಿಸಿ ನಂಬರ್, ಅಂದರೆ ವಾಯುರಕ್ಷಣೆಯ ಒಪ್ಪಿಗೆ, ಜೊತೆಗೆ ಹಾರಾಟ ಮಾಹಿತಿ ಕೇಂದ್ರದ ಎಫ್‌ಐಸಿ ನಂಬರ್. ಎರಡೂ ನಂಬರ್ ಬರುವವರೆಗೆ ಎಂಜಿನ್ ಮುಟ್ಟುವ ಹಾಗಿಲ್ಲ. ಗಡಿಯಿಂದ ನೂರಾರು ಮೈಲಿ ದೂರ ಇರುವ ಚಿಕ್ಕ ವಿಮಾನಕ್ಕೂ ಇದೇ ದಾರಿ. ದೇಶದ ಭದ್ರತೆ ಬೇಕು, ಒಪ್ಪುತ್ತೇನೆ. ಆದರೆ ಅದನ್ನು ಫೋನಿನಲ್ಲಿ ಒಂದೇ ಕಡೆ, ಐದು ನಿಮಿಷದಲ್ಲಿ ಕೊಡಬಹುದಲ್ವಾ?

ದುಡ್ಡಿನ ಮಾತು. ಸ್ವಂತ ಬಳಕೆಯ ವಿಮಾನಕ್ಕೆ ನಮ್ಮಲ್ಲಿ ಮೊದಲು 28% ಜಿಎಸ್‌ಟಿ, ಮೇಲೆ 3% ಸೆಸ್ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು 40% ಆಗಿದೆ. ಕೋಟಿಗಟ್ಟಲೆ ಬೆಲೆಯ ಜೆಟ್ಟಿಗೂ ಎರಡು ಸೀಟಿನ ಪುಟ್ಟ ವಿಮಾನಕ್ಕೂ ಅದೇ ಲೆಕ್ಕ. ವಿಮಾನ ಅಂದರೆ ಶ್ರೀಮಂತರ ಸೊತ್ತು ಅನ್ನುವುದು ತೆರಿಗೆಯಲ್ಲೇ ಬರೆದುಹೋಗಿದೆ.

ನನಗೆ ಹೊಟ್ಟೆ ಉರಿಯುವುದು ಇನ್ನೊಂದಕ್ಕೆ. ಬೆಂಗಳೂರಿನ ಸರ್ಕಾರಿ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ ತಯಾರಿಸಿದ ಹಂಸ ವಿಮಾನ ಮೊದಲು ಹಾರಿದ್ದು 1993ರಲ್ಲಿ. ಎರಡು ಸೀಟು, ಕಾಂಪೋಸಿಟ್ ಮೈ. ಫ್ಲೈಯಿಂಗ್ ಕ್ಲಬ್‌ಗಳಿಗೆ ಹೋದದ್ದು ಬೆರಳೆಣಿಕೆಯಷ್ಟು. ಹೊಸ ಹಂಸ-ಎನ್‌ಜಿ 2021ರ ಸೆಪ್ಟೆಂಬರ್‌ನಲ್ಲಿ ಹಾರಿತು. ನಮ್ಮ ಊರಲ್ಲೇ, ನಮ್ಮ ಜನರೇ ಮಾಡಿದ ವಿಮಾನ. ಅದನ್ನು ಸಾವಿರ ಮಾಡಿದ್ದರೆ ಗಂಟೆಯ ಬೆಲೆ ಎಷ್ಟಕ್ಕೆ ಇಳಿಯುತ್ತಿತ್ತೋ. ಹುಬ್ಬಳ್ಳಿ ಸರ್ ಹೇಳಿದ ಹಾಗೆ, ಕಡಿಮೆ ಮಾಡಿದರೆ ಬೆಲೆ ಇಳಿಯಲ್ಲ.

ಮತ್ತೆ ಸುರಕ್ಷತೆ ವಿಷಯ. ವರ್ಷಕ್ಕೆ ಮೂರು ಗಂಟೆ ಹಾರುವ ನಾನು ಅಪಾಯದ ಪೈಲಟ್. ನನಗೆ ಅದು ಗೊತ್ತು. ನನ್ನ ಕೈ ಮರೆತಿದೆ. ದುಬಾರಿ ಆದಷ್ಟೂ ಜನ ಕಡಿಮೆ ಹಾರುತ್ತಾರೆ, ಕಡಿಮೆ ಹಾರಿದಷ್ಟೂ ಕೈ ತಪ್ಪುತ್ತದೆ. ಹಾಗಾಗಿ ನಿಮ್ಮ ಮಗಳಿಗೆ ಸ್ಪೋರ್ಟ್ ಲೈಸೆನ್ಸ್ ಮಾಡಿಸಿ ಸರ್. ಉಳಿದ ದುಡ್ಡಿನಲ್ಲಿ ವಾರ ವಾರ ಹಾರಲಿ. 40 ಗಂಟೆ ಕಲಿತು ಮನೆಯಲ್ಲಿ ಕೂತವನಿಗಿಂತ ಅವಳು ಚೆನ್ನಾಗಿ ಹಾರಿಸುತ್ತಾಳೆ.

---

ಮ್ಯಾಂಚೆಸ್ಟರ್_ಮಂಡ್ಯ ಉತ್ತರಿಸಿದ್ದು:

ಬ್ರಿಟನ್ನಿನ ಒಂದು ಮಾತು ಸೇರಿಸುತ್ತೇನೆ, ಚಿಕ್ಕದಾಗಿ. ಇಲ್ಲಿ 2016ರಿಂದ ಖಾಸಗಿ ಪೈಲಟ್‌ಗಳು ತಮ್ಮ ಆರೋಗ್ಯದ ಬಗ್ಗೆ ತಾವೇ ಘೋಷಣೆ ಬರೆದುಕೊಟ್ಟು ಹಾರಿಸಬಹುದು. ಆಕಾಶ ಕಳಚಿ ಬೀಳಲಿಲ್ಲ. ನಾನು ಹಾರಿಸುವುದು ಲೈಟ್ ಏರ್‌ಕ್ರಾಫ್ಟ್ ಅಸೋಸಿಯೇಷನ್ ಕಡೆಯ ಪರ್ಮಿಟ್ ಇರುವ ವಿಮಾನ. ರಿಪೇರಿ ನಾನೇ ಮಾಡುತ್ತೇನೆ, ಅಸೋಸಿಯೇಷನ್‌ನ ಇನ್‌ಸ್ಪೆಕ್ಟರ್ ಬಂದು ನೋಡಿ ಸಹಿ ಹಾಕುತ್ತಾರೆ. ಹುಬ್ಬಳ್ಳಿ ಅಣ್ಣ ಹೇಳಿದ ಇನ್ನೊಬ್ಬರ ಕಣ್ಣು ಅದೇ. ಹಿಂದಿನ ಸಲ ನಾನು ಬೋಲ್ಟ್ ಬಿಗಿ ಹಿಡಿಯುವ ಸೇಫ್ಟಿ ವೈರ್ ತಿರುಗಾಮುರುಗಾ ಸುತ್ತಿದ್ದೆ, ಬೋಲ್ಟ್ ಸಡಿಲ ಆಗುವ ಕಡೆಗೆ. ಅವರು ಒಂದು ಮಾತೂ ಬೈಯದೆ ಕತ್ತರಿಸಿ ನನ್ನ ಕೈಗೇ ಕೊಟ್ಟು, ಮತ್ತೆ ಸುತ್ತು ಅಂದರು.

---

ಪೂರ್ವ_ಸ್ಯಾನ್‌ಹೊಸೆ_ಅಮ್ಮ ಉತ್ತರಿಸಿದ್ದು:

ನನಗೆ ವಿಮಾನ ಗೊತ್ತಿಲ್ಲ. ಆದರೆ ರೀಡ್-ಹಿಲ್‌ವ್ಯೂ ಅಂತ ಹೆಸರು ಕಂಡಿತು, ಓದಿದೆ. ನಮ್ಮ ಮನೆ ರನ್‌ವೇ ತುದಿಯಿಂದ ಒಂದು ಮೈಲಿ ಒಳಗೆ. ನೀವು ಇಳಿಯುವಾಗ ನಮ್ಮ ಹಿತ್ತಿಲ ನಿಂಬೆ ಗಿಡದ ಮೇಲೇ ಹೋಗುತ್ತೀರಿ.

ನೀವೆಲ್ಲ ಪೈಲಟ್ ಸುರಕ್ಷತೆ, ಪಕ್ಕ ಕೂತವರ ಸುರಕ್ಷತೆ ಮಾತಾಡಿದಿರಿ. ಕೆಳಗಿರುವವರ ಮಾತು ಯಾರೂ ಎತ್ತಲಿಲ್ಲ. ನಿಮ್ಮ ಚಿಕ್ಕ ವಿಮಾನಗಳ ಪೆಟ್ರೋಲ್‌ನಲ್ಲಿ ಇವತ್ತಿಗೂ ಸೀಸ ಇದೆ. ಕಾರಿನ ಪೆಟ್ರೋಲ್‌ನಿಂದ ಯಾವಾಗಲೋ ತೆಗೆದರು. ನಮ್ಮ ಕೌಂಟಿ, ಅಂದರೆ ಜಿಲ್ಲಾಡಳಿತ, 2021ರಲ್ಲಿ ಅಧ್ಯಯನದ ವರದಿ ಹೊರತಂದಿತು. ಮಕ್ಕಳ 17,000 ರಕ್ತ ಪರೀಕ್ಷೆಗಳನ್ನು ನೋಡಿದ್ದರು. ನಿಲ್ದಾಣಕ್ಕೆ ಹತ್ತಿರ, ಗಾಳಿ ಬೀಸುವ ಕಡೆ ಇರುವ ಮಕ್ಕಳ ರಕ್ತದಲ್ಲಿ ಸೀಸ ಜಾಸ್ತಿ ಇತ್ತು. ನನ್ನ ಮಗನಿಗೆ ಆಗ ನಾಲ್ಕು ವರ್ಷ. ಅಂಗಳದ ಮಣ್ಣಲ್ಲೇ ಆಡುತ್ತಿದ್ದ. ಅವನ ರಕ್ತ ತೆಗೆಸಲು ಕರೆದುಕೊಂಡು ಹೋದ ದಿನ ನಾನು ಮರೆತಿಲ್ಲ. ರಿಪೋರ್ಟ್ ಸರಿಯಾಗಿ ಬಂತು, ದೇವರ ದಯ. ಎಲ್ಲರಿಗೂ ಹಾಗೆ ಬಂದಿರಲಿಕ್ಕಿಲ್ಲ.

ನಿಮ್ಮ ಮಗಳು ಹಾರಲಿ, ಖಂಡಿತ ಹಾರಲಿ. ಹೆಣ್ಣುಮಗು ವಿಮಾನ ಹಾರಿಸುತ್ತಾಳೆ ಅಂದರೆ ನನಗೂ ಸಂತೋಷ. ಆದರೆ ಖರ್ಚು ಕಡಿಮೆ ಮಾಡಿ ಅನ್ನುವಾಗ ಆ ಖರ್ಚು ಬೇರೆಯವರ ಅಂಗಳಕ್ಕೆ ಬೀಳಬಾರದು ಅಲ್ವಾ?

---

ಸಾಗರದ_ಸೆಸ್ನಾ ಮರಳಿ ಬರೆದದ್ದು:

ಎಲ್ಲರ ಉತ್ತರವನ್ನೂ ಮನೆಯಲ್ಲಿ ಗಟ್ಟಿಯಾಗಿ ಓದಿದೆ. ಮಗಳೂ ಕೂತು ಕೇಳಿದಳು.

ಅಮ್ಮ ಅಂತ ಹೆಸರಿಟ್ಟುಕೊಂಡವರಿಗೆ ಮೊದಲು. ಅಕ್ಕಾ, ನೀವು ಹೇಳಿದ್ದು ಸರಿ. ಸುರಕ್ಷತೆ ಅಂತ ಬರೆಯುವಾಗ ನನಗೆ ಕಾಕ್‌ಪಿಟ್ ಒಂದೇ ಕಂಡಿತ್ತು. ನಮ್ಮ ಕೌಂಟಿ 2022ರ ಜನವರಿ 1ರಿಂದ ಸೀಸದ ಪೆಟ್ರೋಲ್ ಮಾರುವುದನ್ನು ನಿಲ್ಲಿಸಿತು. ಆಗ ಪೈಲಟ್‌ಗಳಲ್ಲಿ ಕೂಗಾಡಿದವರು ತುಂಬಾ ಜನ. ನಾನೂ ಸಿಟ್ಟಾಗಿದ್ದೆ, ಮರೆಮಾಚಲ್ಲ. ಆಮೇಲೆ ಗೊತ್ತಾಯಿತು, ನಮ್ಮ 150 ಕುದುರೆ ಶಕ್ತಿಯ ಲೈಕಮಿಂಗ್ ಎಂಜಿನ್‌ಗೆ ಸೀಸ ಬೆರೆಸಿದ 100 ಆಕ್ಟೇನ್ ಪೆಟ್ರೋಲ್ ಬೇಕೇ ಇಲ್ಲ. ಸೀಸ ಇಲ್ಲದ 94 ಆಕ್ಟೇನ್‌ನಲ್ಲಿ ಆರಾಮಾಗಿ ಓಡುತ್ತದೆ. ಅದಕ್ಕೆ ಬೇಕಾದ ಒಪ್ಪಿಗೆ ಕಾಗದಕ್ಕೆ ಸುಮಾರು 100 ಡಾಲರ್. ಅವತ್ತಿನಿಂದ ನಾವು ಇಲ್ಲಿ ತುಂಬಿಸುವುದು ಅದನ್ನೇ.

ಆದರೆ ಮುಖ್ಯ ಭಾಗ ಉಳಿದಿದೆ. ದೊಡ್ಡ ಎಂಜಿನ್ ವಿಮಾನಗಳು ಲೆಕ್ಕದಲ್ಲಿ ಮೂರನೇ ಒಂದು ಪಾಲೂ ಇಲ್ಲ, ಪೆಟ್ರೋಲ್ ಮಾತ್ರ 70% ಅವೇ ಕುಡಿಯುತ್ತವೆ. ಅವಕ್ಕೆ 100 ಬೇಕು. ಸೀಸ ಇಲ್ಲದ 100 ಆಕ್ಟೇನ್ ಪೆಟ್ರೋಲ್‌ಗೆ 2022ರಲ್ಲಿ ಒಪ್ಪಿಗೆ ಸಿಕ್ಕಿತು. 2024ರ ಕೊನೆಗೆ ನಮ್ಮ ನಿಲ್ದಾಣಕ್ಕೂ ಬಂತು. ಕೆಲವರ ವಿಮಾನದಲ್ಲಿ ಬಣ್ಣ ಎದ್ದಿತು ಅನ್ನುವ ದೂರು ಶುರುವಾಯಿತು. ಅಲಾಸ್ಕಾ ಒಂದನ್ನು ಬಿಟ್ಟರೆ, ಸೀಸದ ಪೆಟ್ರೋಲ್ ನಿಲ್ಲಿಸಲು ದೇಶಕ್ಕೆಲ್ಲ ಗಡುವು 2030ರ ಕೊನೆ. ಇಲ್ಲಿ ನಾನು ಸಡಿಲ ಕೇಳುವುದಿಲ್ಲ. ಆ ಗಡುವು ಒಂದು ದಿನವೂ ಮುಂದೆ ಹೋಗಬಾರದು.

ಹುಬ್ಬಳ್ಳಿ ಅಣ್ಣಾ, ನಿಮ್ಮ ಪೋಸ್ಟ್ ಓದಿದ ಸಂಜೆಯೇ ಹ್ಯಾಂಗರ್‌ಗೆ ಹೋದೆ. ನನ್ನ ಸೀಟಿನ ಹಳಿಗೆ ಬೆರಳಿಟ್ಟು ನೋಡಿದೆ. ಮುಂದಿನಿಂದ ನಾಲ್ಕನೇ ತೂತು. ನಾನು ಯಾವಾಗಲೂ ಕೂರುವುದು ಅದರಲ್ಲೇ. ಅಂಚು ಉಗುರಿಗೆ ಸಿಗುತ್ತದೆ. ಉಳಿದವು ಹಾಗಿಲ್ಲ. ಇಷ್ಟು ವರ್ಷ ಆನ್ಯುಯಲ್ ಬಿಲ್ ಬಂದಾಗ ಮೊತ್ತ ಮಾತ್ರ ನೋಡುತ್ತಿದ್ದೆ, ಪಟ್ಟಿಯಲ್ಲಿ ಸೀಟ್ ಹಳಿ ಅಂತ ಪ್ರತಿ ವರ್ಷ ಒಂದು ಸಾಲು ಇರುತ್ತಿತ್ತು. ನಮ್ಮ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ಶನಿವಾರ ಗೇಜ್ ತರುತ್ತಾನೆ. ಅಲ್ಲಿಯವರೆಗೆ ಹಾರಾಟ ಇಲ್ಲ. ಡಿಟೆಕ್ಟರ್ ತರಿಸಿದ್ದೇನೆ.

ಈಗ ನನಗೆ ಅನ್ನಿಸುವುದು ಹೀಗೆ. ಸಾಮಾನು, ಮನುಷ್ಯ ಅಂತ ನಾನು ಗೆರೆ ಎಳೆದದ್ದೇ ತಪ್ಪು. ಒಳ್ಳೆಯದನ್ನು ಒಳಗೆ ಬರಲು ಬಿಡದ ನಿಯಮ ಹೋಗಲಿ, ಅದು ಡಯಲ್ ಆಗಲಿ, ವಾರ ವಾರ ಹಾರುವ ಹುಡುಗಿ ಆಗಲಿ. ಸವೆದದ್ದನ್ನು ಇನ್ನೊಬ್ಬರು ಬಗ್ಗಿ ನೋಡುವ ನಿಯಮ ಇರಲಿ. ಜಕ್ಕೂರಿನ ತಮ್ಮ ವರ್ಷಕ್ಕೆ ಮೂರು ಗಂಟೆ ಅಂತ ಬರೆದದ್ದನ್ನು ಓದುವಾಗ ನನ್ನ ಮನಸ್ಸು ತಿರುಗಿತು. ತಮ್ಮಾ, ಈ ಕಡೆ ಬಂದರೆ ಹೇಳಿ. ಬಲಗಡೆ ಸೀಟು ನಿಮಗೆ. ಪಕ್ಕದಲ್ಲಿ ಕೂತು ಕೈ ಮತ್ತೆ ಪಳಗಿಸಿಕೊಳ್ಳಿ.

ಮಗಳಿಗೆ ಸ್ಪೋರ್ಟ್ ಲೈಸೆನ್ಸ್ ಮಾಡಿಸುತ್ತೇನೆ. ಕಲಿತ ಗಂಟೆಗಳು ಮುಂದೆ ಪ್ರೈವೇಟ್‌ಗೂ ಲೆಕ್ಕಕ್ಕೆ ಬರುತ್ತವೆ. ನಾವಿಬ್ಬರೂ ಒಂದು ಹಾಳೆಯಲ್ಲಿ ಮನೆಯ ನಿಯಮ ಬರೆದು ಫ್ರಿಜ್ ಮೇಲೆ ಅಂಟಿಸಿದ್ದೇವೆ. ಲೈಸೆನ್ಸ್ ಬಂದ ಮೇಲೂ 50 ಗಂಟೆ ಆಗುವವರೆಗೆ ಯಾರನ್ನೂ ಕೂರಿಸಿಕೊಳ್ಳುವಂತಿಲ್ಲ. ಮೋಡದೊಳಗೆ ದಾರಿ ತಪ್ಪಿದರೆ ಹೊರಬರುವುದು ಹೇಗೆ ಅಂತ ಇನ್‌ಸ್ಟ್ರಕ್ಟರ್ ಜೊತೆ ಹತ್ತು ಗಂಟೆ ಜಾಸ್ತಿ ಕಲಿಯಬೇಕು. ಮೂರನೆಯದನ್ನು ಅವಳೇ ಸೇರಿಸಿದಳು: ಟ್ಯಾಂಕ್‌ಗೆ ಕಡ್ಡಿ ಅದ್ದದೆ ಹೊರಡುವಂತಿಲ್ಲ, ಅಪ್ಪನೂ ಕೂಡ.

ಹಿರಿಯರ ಜೊತೆ ನಿನ್ನೆ ಕಾಫಿ ಕುಡಿದೆ. ಡ್ರೈವಿಂಗ್ ಲೈಸೆನ್ಸ್ ಮೇಲೆ ಹಾರಿಸುವುದು ಅವರ ಹಕ್ಕು. ನಾನು ಅದನ್ನು ಪ್ರಶ್ನಿಸಲಿಲ್ಲ. ವರ್ಷಕ್ಕೊಮ್ಮೆ ನಿಮ್ಮ ಡಾಕ್ಟರ್ ಹತ್ತಿರ ಹೋಗಿಬನ್ನಿ, ಬಿಲ್ ನಾವು ಮೂವರು ಹಂಚಿಕೊಳ್ಳುತ್ತೇವೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಪರ್ಸ್ ತೆಗೆದು ಒಂದು ಮಡಿಚಿದ ಚೀಟಿ ಮೇಜಿನ ಮೇಲಿಟ್ಟರು. ಅವತ್ತಿನ ಪಾರ್ಕಿಂಗ್ ರಸೀದಿ. ಹಿಂದೆ ಅಂಟು ಇನ್ನೂ ಹಾಗೇ ಇದೆ. ಡಾಕ್ಟರ್ ಹತ್ತಿರ ಹೋಗುತ್ತೇನೆ, ಬಿಲ್ ನಾನೇ ಕೊಡುತ್ತೇನೆ ಅಂದರು.